ಕಾಗೆ ಓಡಿಸುವ ಕೋಲು

ಹ್ಯಾಂಬರ್ಗಿನ ಹೊಸ ಮನೆಯ ಗೋಡೆಗೆ ಪದ್ಮನಾಭ ಅಮ್ಮನ ಹಳೆಯ ಫೋಟೋವೊಂದನ್ನು ದೊಡ್ಡದು ಮಾಡಿಸಿ ತೂಗುಹಾಕಿದ್ದ. "ಮಲ್ಪೆ ಬೀಚಿಗೆ ರಜೆಗೆ ಹೋದಾಗ ತೆಗೆದದ್ದು. ಅಮ್ಮನಿಗೆ ಕಡಲೆಂದರೆ ಪ್ರಾಣ" ಎಂದು ಆಫೀಸಿನ ಅತಿಥಿಗಳಿಗೆ ಜರ್ಮನ್ನಿನಲ್ಲಿ ಹೇಳುತ್ತಿದ್ದ.

ತಂಗಿ ವಾರಿಜಳಿಗೆ ಮೈಯೆಲ್ಲ ಉರಿಯಿತು. ರಜೆಯಂತೆ! ಒಣಗಲು ಹರವಿದ ಮೀನನ್ನು ಅಮ್ಮ ದಿನವಿಡೀ ಬಿಸಿಲಲ್ಲಿ ನಿಂತು ಕಾಯುತ್ತಿದ್ದಳು, ಅದನ್ನು ಮಾರಿಯೇ ಇವನನ್ನು ಓದಿಸಿದ್ದಳು. ಆ ಮೀನನ್ನೇ ಫೋಟೋದಿಂದ ಕತ್ತರಿಸಿ ಹಾಕಿದ್ದಾನೆ, ಪುಣ್ಯಾತ್ಮ.

"ನಿಮ್ಮ ಅಮ್ಮನ ಕೈಯಲ್ಲಿರುವುದು ಏನು?" ಅತಿಥಿಯೊಬ್ಬಳು ಕೇಳಿದಳು.

"ವಾಕಿಂಗ್ ಸ್ಟಿಕ್" ಎಂದ ಪದ್ಮನಾಭ.

"ಮೂವತ್ತರ ಹರೆಯದಲ್ಲೇ ವಾಕಿಂಗ್ ಸ್ಟಿಕ್ಕಾ ಅಣ್ಣಾ?" ವಾರಿಜ ನಕ್ಕಳು. ಆಮೇಲೆ ಅತಿಥಿಯ ಕಡೆ ತಿರುಗಿ ಜರ್ಮನ್ನಿನಲ್ಲೇ ಹೇಳಿದಳು: "ಒಣಮೀನಿಗೆ ಎರಗುವ ಕಾಗೆಗಳನ್ನು ಓಡಿಸುವ ಕೋಲು ಅದು. ಒಂದು ಕಾಗೆ ಮಾತ್ರ ಹೊಟ್ಟೆ ತುಂಬ ತಿಂದು ಇಲ್ಲಿಯವರೆಗೆ ಹಾರಿಬಂತು."