ಹಲ್ಲಿಗೆ ಸಾಕಿದ ಚಿಮ್ಮಂಡೆ

ಮೂರನೆಯ ಡಬ್ಬಿಯನ್ನೂ ಪಕ್ಕದ ಮನೆಯ ಸಾಯ್ಪಿನ್ ಕಾದ ಎಣ್ಣೆಗೆ ಸುರಿದೇಬಿಟ್ಟಿದ್ದಳು. ಮೇಲೊಂದು ಹಿಡಿ ನಿಂಬೆ ಎಲೆ ಹಾಕಿ ಚಿಮ್ಮಂಡೆ ಹುಳುಗಳನ್ನು ಜಾಲರಿ ಸೌಟಿನಲ್ಲಿ ತಿರುವುತ್ತಿದ್ದಾಗ ಲಾಮ್ಯಾಯ್ ಮೆಟ್ಟಿಲಿಳಿದು ಬಂದಳು. ಅವಳ ಗಂಡ ಖಾಂಪುನ್ ಮೇಲೆ ನಡುಮನೆಯಲ್ಲಿ ಶವಪೆಟ್ಟಿಗೆಯೊಳಗಿದ್ದ. ಭಿಕ್ಷುಗಳು ಊಟಕ್ಕೆ ಕೂತಿದ್ದರು.

"ಇವೆಲ್ಲಿಂದ ಬಂದ್ವೇ?"

"ನಿಮ್ಮ ಹಿತ್ತಲಿಂದಾನೇ ಅಕ್ಕ. ಭಾವ ಏನ್ ಚೆನ್ನಾಗಿ ಸಾಕಿದಾರೆ! ಬರೀ ಕುಂಬಳಕಾಯಿ ತಿಂದು ಬೆಳೆದಿದ್ದು. ಬಾಯಿಗಿಟ್ರೆ ಬೆಣ್ಣೆ."

"ಅವು ಹಲ್ಲಿಗೆ ಸಾಕಿದ್ದು ಕಣೇ."

ಸೌಟು ನಿಂತಿತು. ಈರುಳ್ಳಿ ಹೆಚ್ಚುತ್ತಿದ್ದ ಉಡೋಮ್ ತಲೆ ಎತ್ತಿದ. ಅವನು ಖಾಂಪುನ್ ಜೊತೆ ದುಡಿದವನು, ಬಾಯಿಗೆ ಬೀಗ ಇಲ್ಲದವನು.

"ನನ್ನ ಕೇಳಿದ್ರೆ ಆ ಹಲ್ಲೀನೂ ಎಣ್ಣೆಗೆ ಹಾಕು ಅಂತಿದ್ದೆ" ಎಂದ.

ಪಾತ್ರೆ ತೊಳೆಯುತ್ತಿದ್ದ ಹೆಂಗಸರೆಲ್ಲ ಕಿಸಕ್ಕೆಂದರು. ಲಾಮ್ಯಾಯ್ ನಗಲಿಲ್ಲ. "ಒಂದಾದ್ರೂ ಉಳಿದಿದೆಯಾ?"

"ಎರಡು ತಟ್ಟೆ ಭಿಕ್ಷುಗಳಿಗೆ ಬಡಿಸಿ ಆಯ್ತಲ್ಲ ಅಕ್ಕ" ಎಂದಳು ಸಾಯ್ಪಿನ್. ಅವಳ ದನಿ ಇಳಿದಿತ್ತು. "ಅವರು ಉಂಡಿದ್ದು ಭಾವನಿಗೇ ಮುಟ್ಟುತ್ತೆ. ಅಲ್ವಾ?"

"ಬದುಕಿದ್ದಾಗ ಅದರಲ್ಲಿ ಒಂದನ್ನೂ ಅವರು ಬಾಯಿಗೆ ಹಾಕಿದವರಲ್ಲ."

"ಈಗ ತಿನ್ಲಿ ಬಿಡಿ ಅತ್ತಿಗೆ" ಎಂದ ಉಡೋಮ್. "ಯಾರು ಬೇಡ ಅಂತಾರೆ?"

*

ಮೂವತ್ತೊಂದು ವರ್ಷ ಖಾಂಪುನ್ ಮಾಡಿದ್ದು ಒಂದೇ ಕೆಲಸ. ಊರಾಚೆಯ ಶೆಡ್ಡಿನಲ್ಲಿ ತುಕ್ಕೇ ಎಂಬ ಗೇಣುದ್ದದ ದೊಡ್ಡ ಹಲ್ಲಿಗಳ ಹೊಟ್ಟೆ ಸೀಳಿ, ಬಿದಿರು ಕಡ್ಡಿಗೆ ಕೈಕಾಲು ಚಾಚಿ ಕಟ್ಟಿ, ಒಲೆಮನೆಯಲ್ಲಿ ಒಣಗಿಸುವುದು. ಚೀನಾದವರು ಔಷಧಿಗೆಂದು ಕೊಳ್ಳುತ್ತಿದ್ದರು. ಅದು ಬಿಟ್ಟರೆ ಅವನ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಮದುವೆಯಾದ, ಮಕ್ಕಳಾಗಲಿಲ್ಲ, ಒಮ್ಮೆ ಬಾವಿಕಟ್ಟೆಯಿಂದ ಬಿದ್ದು ಕಾಲು ಮುರಿದುಕೊಂಡ. ಕೆಲಸ ಬಿಟ್ಟ ದಿನ ಬುತ್ತಿಡಬ್ಬಿಯಲ್ಲಿ ಒಂದು ಹಲ್ಲಿಯನ್ನು ಜೀವಂತವಾಗಿ ಮನೆಗೆ ತಂದ. ಹಿಡಿಯುವವರ ಕುಣಿಕೆಗೆ ಸಿಕ್ಕಿ ಅದರ ದವಡೆ ಮುರಿದು, ತುಟಿ ಹರಿದಿತ್ತು. ಮೂತಿ ಸೊಟ್ಟಗಿರುವುದನ್ನು ಚೀನಾದವರು ಕೊಳ್ಳುವುದಿಲ್ಲ.

ಬೇಟೆಯಾಡಲು ಅದಕ್ಕೆ ಆಗುತ್ತಿರಲಿಲ್ಲ. ಖಾಂಪುನ್ ಅದನ್ನು ಮೇಲಿನ ಕೋಣೆಯ ಗೂಡಿನಲ್ಲಿಟ್ಟು, ಅದಕ್ಕಾಗಿಯೇ ಹಿತ್ತಲಲ್ಲಿ ಚಿಮ್ಮಂಡೆ ಸಾಕಿದ. ಹೊಲದ ಹುಳುವನ್ನು ಮುಟ್ಟಿಸುತ್ತಿರಲಿಲ್ಲ, ಅದರ ಹೊಟ್ಟೆಯಲ್ಲಿ ಗದ್ದೆಯ ಔಷಧಿ ಇರುತ್ತದೆಂದು. ಹಲ್ಲಿಯ ಎರಡು ಕಣ್ಣಿನ ನಡುವೆ ಎಷ್ಟು ಜಾಗವೋ ಅದಕ್ಕಿಂತ ದಪ್ಪದ್ದನ್ನು ಕೊಡುತ್ತಿರಲಿಲ್ಲ. ಚಿಮ್ಮಂಡೆಯ ಹಿಂಗಾಲು ಮುರಿದು, ಬಿದಿರಿನ ಚಿಮಟದಲ್ಲಿ ಹಿಡಿದು, ಒಂದೊಂದಾಗಿ ಬಾಯಿಗಿಡುತ್ತಿದ್ದ.

"ನಲವತ್ತು ವರ್ಷದಲ್ಲಿ ನನಗೆ ಹೀಗೊಂದು ತುತ್ತು ಕೊಟ್ಟಿದೀರಾ?" ಎಂದು ಲಾಮ್ಯಾಯ್ ಕೇಳಿದ್ದಳು.

"ನಿನ್ನ ದವಡೆ ಗಟ್ಟಿ ಇದೆಯಲ್ಲ" ಎಂದಿದ್ದ.

ಆಸ್ಪತ್ರೆಯಲ್ಲಿ ಹನ್ನೆರಡು ದಿನ ಇದ್ದ. ದಿನಾ ಅದೇ ಪ್ರಶ್ನೆ.

"ಹಲ್ಲಿಗೆ ಯಾರು ಕೊಡ್ತಾ ಇದಾರೆ?"

"ಸಾಯ್ಪಿನ್ ಕೊಡ್ತಾಳೆ."

"ತಿನ್ನದೆ ಬಿಟ್ಟಿದ್ದನ್ನ ಹೊರಗೆ ತೆಗೀತಾಳಾ? ಒಂದನ್ನೂ ಒಳಗೆ ಬಿಡಬಾರದು. ಹಸಿದ ಚಿಮ್ಮಂಡೆಗೆ ಹಲ್ಲಿ ಅಂದ್ರೆ ಭಯ ಇಲ್ಲ. ಬೆರಳು, ಬಾಲ, ಆ ತುಟಿ, ಎಲ್ಲ ಕಡೀತವೆ."

"ತೆಗೀತಾಳೆ ಮಾರಾಯ್ರೆ, ಮಲಗಿ."

ಅದು ಸುಳ್ಳು. ಸಾಯ್ಪಿನ್ ಹಿತ್ತಲಿನ ಚಿಮ್ಮಂಡೆಗಳಿಗೆ ಕುಂಬಳಕಾಯಿ ಹಾಕುತ್ತಿದ್ದಳು, ಅಷ್ಟೇ. ಹಲ್ಲಿಯ ಕೋಣೆಗೆ ಕಾಲಿಡಲು ಅವಳಿಗೆ ಹೆದರಿಕೆ. ಆ ಸುಳ್ಳನ್ನು ನಂಬಿಕೊಂಡೇ ಅವನು ಕಣ್ಣು ಮುಚ್ಚಿದ. ನಿನ್ನೆ ಸಂಜೆ ಪೆಟ್ಟಿಗೆಯ ಜೊತೆ ಮನೆಗೆ ಬಂದಾಗ ಮನೆ ತುಂಬ ಜನ. ಬೆಳಿಗ್ಗೆ ಕೊಟ್ಟರಾಯಿತು, ಅವರನ್ನು ಸುಡುವುದರೊಳಗೆ ಅದು ಒಂದಾದರೂ ತಿಂದಿರಲಿ ಎಂದುಕೊಂಡಿದ್ದಳು ಲಾಮ್ಯಾಯ್.

*

ಹಲ್ಲಿಯ ಬಾಲ ಹಗ್ಗದಷ್ಟು ಸಣ್ಣಗಾಗಿತ್ತು. ಗೂಡಿನ ಬಾಗಿಲು ತೆಗೆದರೂ ಅದು ಬಾಯಿ ಬಿಟ್ಟು ಹೆದರಿಸಲಿಲ್ಲ.

"ಪಕ್ಕದೂರಲ್ಲಿ ಚಿಮ್ಮಂಡೆ ಸಾಕ್ತಾರೆ, ತಂದುಕೊಡು ಉಡೋಮ್" ಎಂದಳು ಲಾಮ್ಯಾಯ್, ಕೆಳಗಿಳಿದು ಬಂದು. "ಹತ್ತು ಸಾಕು. ಸಣ್ಣವು."

"ಹತ್ತು ಯಾರು ಕೊಡ್ತಾರೆ ಅತ್ತಿಗೆ? ಅಲ್ಲಿ ಕಿಲೋ ಲೆಕ್ಕ."

ಅವನು ಬೈಕಿನಲ್ಲಿ ಮರಳಿದಾಗ ಪೆಟ್ಟಿಗೆ ಮನೆ ಬಿಟ್ಟಾಗಿತ್ತು. ಮನೆ ಕಾಯಲು ಉಳಿದಿದ್ದ ಸಾಯ್ಪಿನ್ ಕೈಗೆ ಚೀಲ ಕೊಟ್ಟು ಅವನು ಸುಡುಗಾಡಿಗೆ ಓಡಿಬಂದ. "ಅರ್ಧ ಕಿಲೋ ತಂದೆ, ಕೊಬ್ಬಿದವು" ಎಂದು ಲಾಮ್ಯಾಯ್ ಕಿವಿಯಲ್ಲಿ ಪಿಸುಗುಟ್ಟಿದ. ಭಿಕ್ಷುಗಳು ಮಂತ್ರ ಹೇಳುತ್ತಿದ್ದರು. ಜನ ಸಾಲಾಗಿ ಬಂದು ಗಂಧದ ಚಕ್ಕೆಯಲ್ಲಿ ಮಾಡಿದ ಹೂವನ್ನು ಪೆಟ್ಟಿಗೆಯ ಬಳಿ ಇಟ್ಟರು. ಎಲ್ಲರಿಗೂ ಅವಳು ಕೈಮುಗಿಯಬೇಕಿತ್ತು, ಮುಗಿದಳು. ಹೊಗೆ ಮೇಲೆದ್ದ ಮೇಲೂ ಅರ್ಧ ಗಂಟೆ ಯಾರ್ಯಾರದೋ ಸಮಾಧಾನದ ಮಾತು ಕೇಳಿದಳು.

ಬಿಸಿಲಿರುವಾಗಲೇ ಮನೆಗೆ ಬಂದಳು. ಸಾಯ್ಪಿನ್ ಕೆಳಗೆ ಕಡಾಯಿ ಉಜ್ಜುತ್ತಿದ್ದಳು. ಅವಳ ಮುಖ ಅರಳಿತ್ತು.

"ನಾನೇ ಹಾಕಿದೆ ಅಕ್ಕ!"

"ಏನು ಹಾಕಿದೆ?"

"ಹೆದರಿಕೆ ಆಯ್ತು. ಆದ್ರೂ ನಂದೇ ತಪ್ಪಲ್ವಾ? ಕಣ್ಣು ಮುಚ್ಕೊಂಡು ಬಾಗಿಲು ತೆಗೆದು ಅರ್ಧ ಚೀಲ ಸುರಿದುಬಿಟ್ಟೆ. ಹನ್ನೆರಡು ದಿನದ ಹಸಿವು, ಹೊಟ್ಟೆ ತುಂಬ ತಿನ್ಲಿ."

ಲಾಮ್ಯಾಯ್ ಮೆಟ್ಟಿಲು ಹತ್ತಿದಳು.

ಹಲ್ಲಿ ಗೂಡಿನ ಮೂಲೆಯಲ್ಲಿ ಹೊಟ್ಟೆ ಊರಿ ಬಿದ್ದಿತ್ತು. ಬೆನ್ನು ಕಾಣುತ್ತಿರಲಿಲ್ಲ, ಅಷ್ಟು ಚಿಮ್ಮಂಡೆ. ಬಾಲದ ತುದಿಯಲ್ಲಿ ಮೂರು. ಹರಿದ ತುಟಿಯ ಮೇಲೆ ಒಂದು ದಪ್ಪನೆಯದು ತಲೆ ಬಗ್ಗಿಸಿ ಕೂತು, ತನ್ನ ಪಾಡಿಗೆ ಮೆಲ್ಲುತ್ತಿತ್ತು. ಹಲ್ಲಿಯ ಕಣ್ಣು ತೆರೆದಿತ್ತು. ಗಂಟಲು ಒಮ್ಮೆ ಆಡಿತು. ಸ್ವಲ್ಪ ಹೊತ್ತಾದ ಮೇಲೆ ಇನ್ನೊಮ್ಮೆ.

ಲಾಮ್ಯಾಯ್ ಚಿಮಟ ಒಳಗೆ ಚಾಚಿದಳು. ಒಂದನ್ನು ಎತ್ತಿದರೆ ಅಲ್ಲಿಗೆ ಎರಡು ಬಂದವು.

"ತಿಂತಾ ಇದೆಯಾ ಅಕ್ಕ?" ಕೆಳಗಿನಿಂದ ಸಾಯ್ಪಿನ್ ಕೂಗಿದಳು.

"ತಿಂತಾ ಇದಾವೆ."

"ಹಾಂ! ನಾ ಹೇಳ್ಲಿಲ್ವಾ! ಇರಿ, ಉಳಿದಿದ್ದನ್ನೂ ತಂದೆ!"

ಅವಳು ಓಡೋಡಿ ಮೆಟ್ಟಿಲು ಹತ್ತುತ್ತಿದ್ದಳು. ಚೀಲದ ಪ್ಲಾಸ್ಟಿಕ್ಕಿಗೆ ಚಿಮ್ಮಂಡೆಗಳು ಪಟಪಟ ಬಡಿಯುವ ಸದ್ದು ಅವಳಿಗಿಂತ ಮುಂಚೆ ಕೋಣೆಗೆ ಬಂತು.