ತಳ ಹಿಡಿದ ಹಾಲನ್ನ

ಊಟದ ವಿಷಯದಲ್ಲಿ ಮುಳ್ಳಪ್ಪನವರಷ್ಟು ಹಟಮಾರಿ ಮನುಷ್ಯ ಆ ಬೀದಿಯಲ್ಲೇ ಇರಲಿಲ್ಲ. ಗಡಿಯಾರ ರಿಪೇರಿ ಅವರ ಕಸುಬು. ಮುಳ್ಳು, ಚಕ್ರ, ಸ್ಪ್ರಿಂಗುಗಳ ನಡುವೆಯೇ ಕೂದಲು ಬೆಳ್ಳಗಾದವರಿಗೆ ಗಿರಾಕಿಗಳು ಇಟ್ಟ ಹೆಸರು ಅದು. ಹೆತ್ತವರು ಇಟ್ಟದ್ದು ಏನೆಂದು ಈಗ ಅವರೂ ಸ್ವಲ್ಪ ಯೋಚಿಸಿಯೇ ಹೇಳಬೇಕು.

ಹಬ್ಬಕ್ಕೆ ಎರಡು ದಿನ ಇರುವಾಗ ಸೊಸೆ ಮೊಬೈಲು ಹಿಡಿದು ಅಡುಗೆಮನೆಗೆ ಬಂದಳು. "ಮಾವ, ಈ ಸಲ ಹಬ್ಬದೂಟ ಹೊಸ ರೆಸ್ಟೋರೆಂಟಲ್ಲಿ ಮಾಡೋಣ್ವಾ? ಮೆನು ನೋಡಿ."

ಮುಳ್ಳಪ್ಪನವರು ಕನ್ನಡಕ ಏರಿಸಿ ನೋಡಿದರು. "ಏನಮ್ಮಾ ಇದು, ಒಂದೊಂದಕ್ಕೂ ರೈಲಿನಷ್ಟು ಉದ್ದ ಹೆಸರು! ಓದಿ ಮುಗಿಸೋಷ್ಟರಲ್ಲಿ ಹಸಿವೇ ಸತ್ತುಹೋಗುತ್ತೆ. ನಿನ್ನ ಗಂಡನ ಹುಟ್ಟುಹಬ್ಬಕ್ಕೆ ಹೋಗಿದ್ವಲ್ಲ, ತಟ್ಟೆ ಗೋಡೆ ಗಡಿಯಾರದಷ್ಟು, ಊಟ ಕೈಗಡಿಯಾರದಷ್ಟು. ಅದರ ಮೇಲೊಂದು ಎಲೆ. ಬಡಿಸೋನು ಐದು ನಿಮಿಷ ಭಾಷಣ ಮಾಡಿದ, ನಾನು ಎರಡು ತುತ್ತಿಗೆ ಮುಗಿಸಿದೆ."

"ಎಲೇನೂ ಮುಗಿಸಿದ್ರಿ ಮಾವ. ಅದು ಅಲಂಕಾರಕ್ಕೆ ಇಟ್ಟಿದ್ದು."

"ಹಸಿದೋನು ಇನ್ನೇನು ಮಾಡ್ತಾನೆ? ಹಬ್ಬ ಅಂದ್ರೆ ಬಿಸಿ ರೊಟ್ಟಿ, ಕಾಳಿನ ಸಾರು, ಕೊನೆಗೆ ಹಬೆಯಾಡೋ ಹಾಲನ್ನ. ಎರಡು ಬಟ್ಟಲು ನನಗೆ, ತಳ ನಿಮ್ಮತ್ತೆಗೆ. ಇವಳಿಗೆ ತಳದ್ದೇ ಇಷ್ಟ. ಏನೇ, ಹೌದು ತಾನೆ?"

ಹೆಂಡತಿ ಪಾತ್ರೆ ಒರೆಸುತ್ತಿದ್ದರು. "ನನಗೇನೋ ರೆಸ್ಟೋರೆಂಟೇ ಆಗಬಹುದು ಅನ್ಸುತ್ತೆ," ಎಂದರು.

ಸ್ವಂತ ಹೆಂಡತಿಯೇ ಶತ್ರುಪಕ್ಷ ಸೇರುವುದೆಂದರೆ! ಮುಳ್ಳಪ್ಪನವರಿಗೆ ಮೈಯೆಲ್ಲ ಉರಿಯಿತು. ಉರಿದಾಗ ಅವರ ಬಾಯಿಗೆ ಬೀಗವಿಲ್ಲ. "ಅಷ್ಟಕ್ಕೂ ಏನು ಮಹಾ ಕೆಲಸ? ಅಕ್ಕಿ, ಹಾಲು, ಸಕ್ಕರೆ. ಒಲೆ ಮೇಲಿಟ್ರೆ ಅದರ ಪಾಡಿಗೆ ಅದು ಬೇಯುತ್ತೆ."

ಬಾಗಿಲಲ್ಲಿ ನಿಂತಿದ್ದ ಮಗ ಮೆಲ್ಲಗೆ ಜಾಗ ಖಾಲಿ ಮಾಡಿದ. ಹೆಂಡತಿ ಕೈಯಲ್ಲಿದ್ದ ಬಟ್ಟೆಯನ್ನು ಗಂಡನ ಹೆಗಲ ಮೇಲೆ ಹಾಕಿದರು.

"ಹಾಗಾದ್ರೆ ನೀವೇ ಮಾಡಿ. ಹಾಲನ್ನ ಬಾಯಿಗಿಡೋ ಹಾಗಿದ್ರೆ ಹಬ್ಬ ಪ್ರತಿ ವರ್ಷ ಮನೇಲೇ. ಇಲ್ಲಾಂದ್ರೆ ಮುಂದಿನ ವರ್ಷದಿಂದ ರೆಸ್ಟೋರೆಂಟು, ನೀವು ತುಟಿ ಪಿಟಕ್ ಅನ್ನಬಾರದು. ತೀರ್ಪು ನಂದು."

ಹಬ್ಬದ ದಿನ ರೊಟ್ಟಿ, ಸಾರನ್ನು ಮಗ-ಸೊಸೆ ಬೆಳಗ್ಗೆಯೇ ಮುಗಿಸಿದರು. ಹಾಲನ್ನಕ್ಕೆ ಮುಳ್ಳಪ್ಪನವರು ಒಬ್ಬರೇ ಒಳಗೆ ಹೋದರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಅಕ್ಕಿ ಆರಿಸಿದರು. ಸಕ್ಕರೆಯನ್ನು ಚಿಮುಟದಲ್ಲಿ ಎತ್ತಿ ಹಾಕಲಿಲ್ಲ, ಅದೊಂದು ಪುಣ್ಯ. 'ಸಣ್ಣ ಉರಿ, ಮುಕ್ಕಾಲು ಗಂಟೆ, ಕೈ ಬಿಡದೆ ತಿರುವಬೇಕು' ಎಂದು ಹೆಂಡತಿ ಹೇಳಿದ್ದರಲ್ಲಿ ಅವರ ಕಿವಿಗೆ ಬಿದ್ದದ್ದು ಮುಕ್ಕಾಲು ಗಂಟೆ ಮಾತ್ರ. ಅಂಗಡಿಯಿಂದ ತಂದ ದೊಡ್ಡ ಗಡಿಯಾರವನ್ನು ಒಲೆಯ ಪಕ್ಕ ನಿಲ್ಲಿಸಿ ಕೈ ಕಟ್ಟಿ ಕೂತರು.

ಹೊರಗೆ ಹೆಂಡತಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಪಾತ್ರೆ ಸದ್ದಾದಾಗಲೆಲ್ಲ ಏಳುತ್ತಿದ್ದರು. "ಕೂತ್ಕೊಳ್ಳೇ!" ಎಂದು ಒಳಗಿಂದ ಗದರಿಕೆ ಬರುತ್ತಿತ್ತು.

ಗಡಿಯಾರದ ಲೆಕ್ಕದಲ್ಲಿ ಇನ್ನೂ ಹತ್ತು ನಿಮಿಷ ಬಾಕಿ. ಮೂಗಿಗೆ ಸೀದ ವಾಸನೆ ಬಡಿಯಿತು. ಅಯ್ಯಯ್ಯೋ! ನಿಧಾನವಾಗಿ ಓಡುತ್ತದೆ ಎಂದೇ ಗಿರಾಕಿಯೊಬ್ಬ ತಂದುಕೊಟ್ಟಿದ್ದ ಗಡಿಯಾರ ಅದು. 'ನಾಳೆ ಬನ್ನಿ, ನಾಳೆ ಬನ್ನಿ' ಎಂದು ಎರಡು ತಿಂಗಳಿಂದ ಅವನನ್ನು ಅಲೆಸುತ್ತಿದ್ದವರು ಇವರೇ.

"ತಳ ಕೆದಕಬೇಡಿ! ಮೇಲಿಂದಷ್ಟೇ ತೆಗೀರಿ!" ಎಂದು ಹೊರಗಿಂದ ಹೆಂಡತಿ ಕೂಗಿದರು.

ಮುಳ್ಳಪ್ಪನವರು ಉಸಿರು ಬಿಗಿಹಿಡಿದು ಮೇಲಿನದನ್ನು ಬಟ್ಟಲಿಗೆ ಹಾಕಿ ತಂದು ಹೆಂಡತಿಯ ಮುಂದಿಟ್ಟರು.

"ಮೊದಲು ಎಲ್ರಿಗೂ ಹಾಕಿ. ನಂದು ಆಮೇಲೆ."

"ತೀರ್ಪು ಕೊಡೋರು ಮೊದಲು. ತಿನ್ನು."

ಆಕೆ ಒಂದು ಚಮಚ ಊದಿ ಬಾಯಿಗಿಟ್ಟರು. ಇನ್ನೊಂದು ಚಮಚ. ಮತ್ತೊಂದು. ಎಲೆ ಇಟ್ಟ ದೊಡ್ಡ ದೊಡ್ಡ ತಟ್ಟೆಗಳು ಮುಳ್ಳಪ್ಪನವರ ಕಣ್ಣ ಮುಂದೆ ಸಾಲುಗಟ್ಟಿ ಬಂದವು.

"ಬಿಸಿ ಇದ್ದಾಗ ಇದು ಹೀಗಿರುತ್ತಾ?" ಎಂದು ಆಕೆ ಕೇಳಿದರು.

ಮಗ ನಕ್ಕ. "ಅಮ್ಮಾ, ಪ್ರತಿ ವರ್ಷ ಮಾಡೋದು ನೀನೇ ಅಲ್ವಾ!" ಎಂದವನ ನಗು ಅರ್ಧಕ್ಕೇ ನಿಂತಿತು.

ಮೂವತ್ತೊಂದು ಹಬ್ಬ. ಎಲ್ಲರಿಗೂ ಬಡಿಸಿ, ಕೇಳಿದವರಿಗೆ ಮತ್ತೆ ಬಡಿಸಿ, ಕೊನೆಗೆ ಆಕೆ ಅಡುಗೆಮನೆಯಲ್ಲಿ ನಿಂತೇ ತಣ್ಣಗಾದ ತಳ ಕೆರೆದುಕೊಳ್ಳುತ್ತಿದ್ದರು. 'ನನಗೆ ಇದೇ ಇಷ್ಟ' ಅನ್ನುತ್ತಿದ್ದರು. ಇವರು ನಂಬಿದ್ದರು. ತಮ್ಮ ಬಟ್ಟಲು ತುಂಬಿತ್ತಲ್ಲ, ನಂಬುವುದಕ್ಕೇನು ಕಷ್ಟ? ಮುಳ್ಳಪ್ಪನವರಿಗೆ ನಾಚಿಕೆಯಾಯಿತು.

"ಯಾರು ಗೆದ್ರು ಅತ್ತೆ?" ಸೊಸೆ ಮೆಲ್ಲಗೆ ಕೇಳಿದಳು.

"ಅವರೇ. ಹಬ್ಬ ಇನ್ನು ಮನೇಲೇ." ಮುಳ್ಳಪ್ಪನವರ ಮುಖ ಅರಳುವಷ್ಟರಲ್ಲಿ ಆಕೆ ಸೇರಿಸಿದರು: "ಹಾಲನ್ನ ಮಾತ್ರ ಪ್ರತಿ ವರ್ಷ ಇವರದೇ. ಕೈ ಕಟ್ಟಿ ಕೂರೋದಲ್ಲ, ತಿರುವಬೇಕು."

ಮಗ-ಸೊಸೆಗೆ ಬಡಿಸಿ ಮುಗಿಯುವ ಹೊತ್ತಿಗೆ ಪಾತ್ರೆಯಲ್ಲಿ ಉಳಿದದ್ದು ಮೇಲಿನದು ಒಂದು ಸೌಟು, ಮತ್ತೆ ಕರೀ ತಳ. ಮುಳ್ಳಪ್ಪನವರು ನಿಂತೇ ತಳ ಕೆರೆದು ಬಾಯಿಗೆ ಹಾಕಿಕೊಂಡರು. ಕಹಿ ಅಂದರೆ ಕಹಿ.

"ಇದನ್ನೇನೇ ನೀನು ಇಷ್ಟ ಅಂತಿದ್ದಿದ್ದು?"

"ಯಾರಾದ್ರೂ ತಿನ್ನಬೇಕಿತ್ತಲ್ಲ." ಆಕೆ ಕುರ್ಚಿ ಬಿಟ್ಟು ಏಳಲಿಲ್ಲ. ಬಟ್ಟಲನ್ನು ಮುಂದೆ ಚಾಚಿದರು. "ಮೇಲಿಂದು ಇನ್ನೊಂದು ಸೌಟು ಇದೆಯೇನ್ರೀ?"

ಇತ್ತು. ಮುಳ್ಳಪ್ಪನವರು ಅದನ್ನು ಆಕೆಗೇ ಬಡಿಸಿದರು.