ಹಾಲ್ಕುರಿಕೆಯ ಹಳದಿ ದೀಪ

ಹಾಲ್ಕುರಿಕೆಯ ತೋಂಟದಾರ್ಯರ ಬಿಳಿ ಕಾರು ಮೂರನೇ ಸಲ ಶೆಡ್ಡಿನ ಮುಂದೆ ಬಂದು ನಿಂತಾಗ ಮೆಕ್ಯಾನಿಕ್ ಬೀರೇಶನಿಗೆ ಹಿಂಬಾಗಿಲಿನಿಂದ ಓಡಿಹೋಗಬೇಕು ಅನ್ನಿಸಿತು. ಶೆಡ್ಡಿಗೆ ಹಿಂಬಾಗಿಲಿರಲಿಲ್ಲ. ತಿಪಟೂರಿಗೆ ಬಂದು ಈ ಕೆಲಸ ಹಿಡಿದ ಮೇಲೆ ಯಾವ ಗಾಡಿಯೂ ಅವನನ್ನು ಹೀಗೆ ಗೋಳು ಹೊಯ್ದುಕೊಂಡಿರಲಿಲ್ಲ.

“ಮತ್ತೆ ಹತ್ಕೊಂಡೈತೆ ಕಣಪ್ಪ ನಿನ್ ದೀಪ,” ಎನ್ನುತ್ತಾ ತೋಂಟದಾರ್ಯ ಇಳಿದರು. ದೀಪ ಬೀರೇಶನದ್ದೇ ಅನ್ನುವ ಹಾಗೆ!

ಮೊದಲ ಸಲ ಆಕ್ಸಿಜನ್ ಸೆನ್ಸಾರ್ ನಿಜಕ್ಕೂ ಹೋಗಿತ್ತು. ಇಂಜಿನ್ನಿನ ಹೊಗೆಯನ್ನು ಮೂಸಿ ನೋಡಿ, ಪೆಟ್ರೋಲ್ ಹೆಚ್ಚಾಯಿತೋ ಕಡಿಮೆಯಾಯಿತೋ ಹೇಳುವ ಬೆರಳುದ್ದದ ಸಾಮಾನು ಅದು. ಅದು ಕೆಟ್ಟರೆ ಇಂಜಿನ್ನು ಲಂಗುಲಗಾಮಿಲ್ಲದೆ ಪೆಟ್ರೋಲ್ ಕುಡಿಯುತ್ತದೆ, ಸ್ಟೀರಿಂಗಿನ ಮುಂದೆ ಹಳದಿ ದೀಪ ಹತ್ತುತ್ತದೆ. ಬೀರೇಶ ಹೊಸದು ಹಾಕಿದ. ತಿಂಗಳು ತುಂಬುವುದರೊಳಗೆ ದೀಪ ಮತ್ತೆ ಹತ್ತಿತು. ಬಿಡಿಭಾಗದ ಅಂಗಡಿಯ ಶ್ರೀನಿವಾಸನ ಹತ್ತಿರ ಜಗಳವಾಡಿ ಇನ್ನೊಂದು ತಂದು ಹಾಕಿದ. ಅದನ್ನು ಕೊಡುವಾಗ ಶ್ರೀನಿವಾಸ, “ನನ್ ಮಾಲು ಸರಿಯಾಗೈತೆ, ನಿನ್ ಕೈ ನೋಡ್ಕೊಳ್ಲಾ,” ಎಂದಿದ್ದ. ಅಷ್ಟು ಸಾಲದೆ, ಟೀ ಅಂಗಡಿಯಲ್ಲೂ ಅದನ್ನೇ ಹೇಳಿಕೊಂಡು ತಿರುಗುತ್ತಿದ್ದ.

ಹಾಲ್ಕುರಿಕೆಯಲ್ಲಿ ಯಾರ ಕಾರು ಕೆಮ್ಮಿದರೂ ಬೀರೇಶನ ಹತ್ತಿರವೇ ಬರುತ್ತಿತ್ತು. ಅದು ತೋಂಟದಾರ್ಯರ ಒಂದು ಮಾತಿನ ಮೇಲೆ ನಿಂತಿತ್ತು. ಆ ಮಾತು ಈಗ ಅಲ್ಲಾಡುತ್ತಿತ್ತು.

“ಇವತ್ತೂ ಆಗ್ನಿಲ್ಲ ಅಂದ್ರೆ ತುಮಕೂರಿಗೆ ತಗೊಂಡೋಯ್ತೀನಿ. ಊರಲ್ಲಿ ಎಲ್ರೂ ಕೇಳ್ತಾರೆ, ಏನಂತ ಹೇಳ್ಲಿ ನಾನು?”

ಬೀರೇಶ ಕಾರಿಗೆ ಸ್ಕ್ಯಾನರ್ ಸಿಕ್ಕಿಸಿದ. ಅದೇ ದೂರು, ಅದೇ ಸೆನ್ಸಾರು. ಫ್ಯೂಸ್ ನೋಡಿದ, ಸರಿಯಿತ್ತು. ಇಲಿ ಕಡಿದಿದೆಯೇನೋ ಎಂದು ವೈರಿನುದ್ದಕ್ಕೂ ಬೆರಳಾಡಿಸಿದ, ಇಲ್ಲ. ಸೈಲೆನ್ಸರಿನ ಬಾಯಿಗೆ ಬಟ್ಟೆ ಒತ್ತಿ ಎಲ್ಲಾದರೂ ಹೊಗೆ ಸೋರುತ್ತಿದೆಯೇ ಎಂದು ಕಿವಿಗೊಟ್ಟ. ಅದೂ ಇಲ್ಲ. ಎಲ್ಲವೂ ಸರಿಯಾಗಿದ್ದು ಕಾರು ಮಾತ್ರ ಸರಿಯಿಲ್ಲದಿದ್ದರೆ ಮನುಷ್ಯ ಯಾರನ್ನು ಬೈಯಬೇಕು?

ಕೊನೆಗೆ ಸೆನ್ಸಾರಿನ ವೈರು ಸೇರುವ ಕನೆಕ್ಟರನ್ನು ಎಳೆದ. ಬೆರಳು ಜಾರಿತು. ಮೂಗಿಗೆ ಹಿಡಿದರೆ ಘಮ್ಮೆಂದಿತು. ಗ್ರೀಸಲ್ಲ, ಪೆಟ್ರೋಲಲ್ಲ, ಹಬ್ಬದ ದಿನ ತಲೆಗೆ ತಟ್ಟುವ ಎಣ್ಣೆಯ ವಾಸನೆ.

“ಯಜಮಾನ್ರೇ, ಇದಕ್ಕೆ ಕೊಬ್ರಿ ಎಣ್ಣೆ ಹಾಕಿದ್ದು ಯಾರು?”

“ನಾನೇ! ಗಾಡಿ ತೊಳ್ದಾಗೆಲ್ಲ ಎರಡು ತೊಟ್ಟು ಬುಡ್ತೀನಿ. ನೀರು ಬಿದ್ದು ತುಕ್ಕು ಹಿಡೀಬಾರ್ದಲ್ಲ.” ತೋಂಟದಾರ್ಯರ ಮುಖದಲ್ಲಿ ಹೆಮ್ಮೆ ಉಕ್ಕುತ್ತಿತ್ತು.

ಬೀರೇಶನಿಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಆದರೂ ಬಿಡಿಸಿ ಹೇಳಿದ. “ಒಳಗಿನ ಹೊಗೆಗೂ ಹೊರಗಿನ ಗಾಳಿಗೂ ತಾಳೆ ನೋಡೋದೇ ಇದರ ಕೆಲ್ಸ. ಆ ಹೊರಗಿನ ಗಾಳಿ ಈ ವೈರಿನ ಸಂದಿಂದ್ಲೇ ಒಳಕ್ಕೆ ಹೋಗ್ಬೇಕು. ನೀವು ಎಣ್ಣೆ ಬುಟ್ಟು ಅದರ ಉಸಿರು ಕಟ್ಸಿದ್ದೀರಿ.”

“ಕೊಬ್ರಿ ಎಣ್ಣೆಯಿಂದ ಕೆಡ್ತು ಅಂತೀಯಾ?” ತೋಂಟದಾರ್ಯರ ದನಿ ಏರಿತು. “ತಿಪಟೂರಲ್ಲಿ ನಿಂತ್ಕೊಂಡು ಈ ಮಾತಾ? ಹುಟ್ಟಿದ ಮಗೀಗೂ ಅದೇ, ಸುಟ್ಟ ಗಾಯಕ್ಕೂ ಅದೇ. ಯಾರಿಗ್ಲಾ ಕೆಟ್ಟದಾಗೈತೆ ಅದ್ರಿಂದ? ಇದನ್ನ ಊರಲ್ಲಿ ಹೇಳಿದ್ರೆ ನನ್ ಮುಖಕ್ಕೆ ಉಗೀತಾರೆ!”

ಆಮೇಲೆ ಏನೋ ಹೊಳೆದವರಂತೆ ಹೆಂಡತಿಗೆ ಫೋನು ಹಚ್ಚಿದರು. “ಏ ರೇವಮ್ಮ, ಕಾರಿಗೆ ಹಾಕ್ತಿದ್ನಲ್ಲ ಎಣ್ಣೆ, ಅದು ನಮ್ ಗಾಣದ್ದಾ?”

“ಗಾಣದ್ದು ಮುಗ್ದು ಯಾವ ಕಾಲ ಆಯ್ತು! ಈ ಸಲದ ಕೊಬ್ರಿ ಇನ್ನೂ ಅಟ್ಟದ ಮೇಲೈತೆ. ಅದು ಅಂಗಡಿ ಬಾಟ್ಲಿದು ಕಣ್ರೀ.” ರೇವಮ್ಮನ ದನಿ ಶೆಡ್ಡಿಗೆಲ್ಲ ಕೇಳಿಸಿತು.

ತೋಂಟದಾರ್ಯರ ಮುಖ ಅರಳಿತು. “ನೋಡ್ದಾ? ಅಂಗಡಿ ಎಣ್ಣೆ! ಏನೇನು ಬೆರಕೆ ಮಾಡಿರ್ತಾರೋ. ಅದ್ಕೇ ಕೆಟ್ಟೈತೆ. ಅಲ್ವಾ?”

ಯಾವ ಎಣ್ಣೆಯಾದರೂ ಒಂದೇ ಎನ್ನಲು ಬೀರೇಶ ಬಾಯಿ ತೆರೆದ. ಎದುರಿಗೆ ಆ ಅರಳಿದ ಮುಖ. ಬೆಳಗಿನಿಂದ ಕಾರಿನಡಿ ಮಲಗಿ ಸೊಂಟ ಬಿದ್ದುಹೋಗಿತ್ತು, ಇನ್ನು ವಾದ ಮಾಡುವ ತ್ರಾಣ ಯಾರಿಗಿದೆ? “ಇರಬೋದು ಬುಡಿ,” ಎಂದುಬಿಟ್ಟ.

ಕನೆಕ್ಟರನ್ನು ಸ್ಪ್ರೇ ಹೊಡೆದು ತೊಳೆದು ಒಣಗಿಸಿ, ಹೊಸ ಸೆನ್ಸಾರ್ ಹಾಕಿದ. ದೀಪ ಆರಿತು. ಇನ್ನು ಒಂದು ತೊಟ್ಟೂ ಹಾಕಬಾರದೆಂದು ಆಣೆ ಮಾಡಿಸಿಕೊಂಡೇ ಕಾರು ಕಳಿಸಿದ.

ತೋಂಟದಾರ್ಯರು ಆಣೆಗೆ ತಪ್ಪಲಿಲ್ಲ. ಊರಿಗೆ ಹೋಗಿ ಬೀರೇಶನನ್ನು ಬಾಯಿತುಂಬ ಹೊಗಳಿದರು. ಕಾರು ಕೆಡಿಸಿದ್ದು ಅಂಗಡಿಯ ಬೆರಕೆ ಎಣ್ಣೆಯೆಂದು ಮೂಗಿನಲ್ಲೇ ಕಂಡುಹಿಡಿಯುವ ಇಂಥ ಮೆಕ್ಯಾನಿಕ್ ಈ ಸೀಮೆಯಲ್ಲೇ ಇನ್ನೊಬ್ಬನಿಲ್ಲವೆಂದರು. ಶ್ರೀನಿವಾಸನ ಬಾಯಿ ಮುಚ್ಚಿತು. ಹೋಗಲಿದ್ದ ಹೆಸರು ದುಪ್ಪಟ್ಟಾಗಿ ಬಂತು, ಬೀರೇಶ ನೆಮ್ಮದಿಯಾಗಿ ನಿದ್ದೆ ಮಾಡಿದ.

ಅದಾದ ಕೆಲವು ವಾರಕ್ಕೆ ಒಂದು ಬೆಳಿಗ್ಗೆ ಬಂದು ನೋಡಿದರೆ, ಶೆಡ್ಡಿನ ಮುಂದೆ ಹಾಲ್ಕುರಿಕೆಯ ಕಾರುಗಳು ಸಾಲಾಗಿ ನಿಂತಿದ್ದವು. ಎಲ್ಲದರಲ್ಲೂ ಹಳದಿ ದೀಪ. ಮುಂದಿದ್ದ ಕಾರಿನಿಂದ ಅದೇ ಊರಿನ ಅಣ್ಣಯ್ಯ ಇಳಿದು ಬಂದು, ಗುಟ್ಟು ಹೇಳುವವನಂತೆ ಬೀರೇಶನ ಹೆಗಲ ಮೇಲೆ ಕೈ ಹಾಕಿದ.

“ಎಣ್ಣೆ ಬಗ್ಗೆ ಅನುಮಾನಾನೇ ಬ್ಯಾಡ ಕಣಪ್ಪ. ನೀನು ಹೇಳ್ದಂಗೆ ಎಲ್ರೂ ಗಾಣದ್ದೇ ಹಾಕಿದ್ದೀವಿ.”